ಮಾಲ್ ಸಾಕಾಯ್ತು, ಹಳೇ ಮನೆ ತೋರಿಸಿ

ಪ್ರಶ್ನೆ: ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಮಗಳ ಮನೆಗೆ ಬಂದಿದ್ದೇನೆ. ಮಾಲ್ ಸುತ್ತಿ ಬೇಜಾರಾಗಿದೆ. ಇಲ್ಲಿನ ಹಳೇ ಕಾಲದ ರೈತರ ಮನೆ ಎಲ್ಲಾದರೂ ನೋಡಬಹುದಾ?
– ಹಾಸನದ ಓದುಗರು

ಉತ್ತರ: ಖಂಡಿತ ನೋಡಬಹುದು ಅಮ್ಮಾ. ಸ್ಟೋನ್‌ವಾಲ್ ಊರಿನ ಬಳಿಯ ಎಲ್‌ಬಿಜೆ (ಲಿಂಡನ್ ಬಿ. ಜಾನ್ಸನ್) ಸ್ಟೇಟ್ ಪಾರ್ಕಿಗೆ ಕರೆದುಕೊಂಡು ಹೋಗಲು ಮಗಳಿಗೆ ಹೇಳಿ. ಪ್ರವೇಶ ಉಚಿತ. ಒಳಗೆ ಸಾವರ್-ಬೆಕ್‌ಮನ್ ಫಾರ್ಮ್ ಇದೆ. 1869ರಲ್ಲಿ ಜರ್ಮನ್ ಮೂಲದ ಸಾವರ್ ದಂಪತಿ ಇಲ್ಲಿ ಬೇಸಾಯಕ್ಕಿಳಿದರು. ಅವರ ಮಗಳೊಬ್ಬಳು ಸೂಲಗಿತ್ತಿ. ಮುಂದೆ ಅಮೆರಿಕದ ಅಧ್ಯಕ್ಷರಾದ ಇದೇ ಲಿಂಡನ್ ಜಾನ್ಸನ್ 1908ರಲ್ಲಿ ಹುಟ್ಟಿದಾಗ ಹೆರಿಗೆ ಮಾಡಿಸಿದ್ದು ಆಕೆಯೇ! ಆಮೇಲೆ ಜಮೀನು ಬೆಕ್‌ಮನ್ ಕುಟುಂಬದ ಕೈಗೆ ಬಂತು. 1915ರಲ್ಲಿ ಹತ್ತಿ ಚೆನ್ನಾಗಿ ಬೆಳೆದದ್ದೇ ತಡ, ಅವರು ದೊಡ್ಡ ಮನೆ ಕಟ್ಟಿಸಿದರು.

ಬೆಳಿಗ್ಗೆಯೇ ಹೋಗಿ. ಆ ಕಾಲದ ಉಡುಪು ತೊಟ್ಟ ಸಿಬ್ಬಂದಿ ಹಾಲು ಕರೆಯುತ್ತಾರೆ, ಬೆಣ್ಣೆ ತೆಗೆಯುತ್ತಾರೆ, ಸೌದೆ ಒಲೆಯಲ್ಲಿ ಅಡುಗೆ ಮಾಡುತ್ತಾರೆ. ಸುಮ್ನೆ ನಾಟಕವಲ್ಲ, ನಿಜವಾದ ಕೆಲಸ. ನನಗಂತೂ ದೊಡ್ಡ ಮನೆಗಿಂತ ಅಡುಗೆಮನೆಯೇ ಇಷ್ಟ. ಮಾಂಸಕ್ಕೆ ಹೊಗೆ ಹಾಕುವ ಕೋಣೆಯೂ ಇದೆ. ಆ ವಾಸನೆ ಆಗದಿದ್ದರೆ ತೋಟದ ಕಡೆ ನಡೆಯಿರಿ. ಬೇಸಿಗೆಯಾದರೆ ಟೋಪಿ, ನೀರು ಮರೆಯಬೇಡಿ. ಅಲ್ಲಿನ ಬಿಸಿಲು ಹಾಸನದ್ದಲ್ಲ!