ಪ್ರತಿಕ್ರಿಯೆ: ಪೇಂಟ್ ಮಾಡಿದ ಪೋಸ್ಟರ್ ಮರೆಯಾಗಿದ್ದು ಯಾಕೆ?

ಕೈಯಲ್ಲಿ ಬಿಡಿಸಿದ ಸಿನಿಮಾ ಪೋಸ್ಟರ್ ನಿಂತಿದ್ದು ಬರೀ ದುಡ್ಡು ಉಳಿಸೋಕಾ ಅಂತ ಕೇಳಿದ್ದೀರಿ. ದುಡ್ಡೂ ಒಂದು ಕಾರಣ. ಆದರೆ ಕೊನೇ ಗಳಿಗೆವರೆಗೂ ತಿದ್ದಬೇಕು ಅನ್ನೋ ಆಸೆಯೇ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ. 1990ರಲ್ಲಿ ಫೋಟೋಶಾಪ್ ಬಂತು. ಆಮೇಲೆ ನಾಯಕನ ಮುಖ ದೊಡ್ಡದು ಮಾಡೋದು, ಹಿನ್ನೆಲೆ ಬದಲಿಸೋದು ಎಲ್ಲಾ ಸಲೀಸಾಯಿತು. ಬಣ್ಣ ಒಣಗಿದ ಚಿತ್ರದಲ್ಲಿ ಅದು ಅಷ್ಟು ಸುಲಭವಲ್ಲ, ಅಲ್ವಾ?

ಹಾಲಿವುಡ್ ಪೋಸ್ಟರ್‌ಗಳನ್ನು ಕೈಯಲ್ಲೇ ಬಿಡಿಸುತ್ತಿದ್ದ ಡ್ರೂ ಸ್ಟ್ರೂಜನ್ ಕೆಲಸ ನೋಡಿ. ಜೆಸ್ಸೋ (ಬಣ್ಣ ಹಿಡಿಯೋಕೆ ಮೊದಲು ಬಳಿಯೋ ಬಿಳಿ ಲೇಪ) ಬಳಿದ ಬೋರ್ಡಿನ ಮೇಲೆ ಮೊದಲು ಪೆನ್ಸಿಲ್, ಆಮೇಲೆ ಗಾಳಿಯಿಂದ ಬಣ್ಣ ಸಿಂಪಡಿಸೋ ಏರ್‌ಬ್ರಷ್‌ನಲ್ಲಿ ತೆಳುವಾಗಿ ಅಕ್ರಿಲಿಕ್ ಬಣ್ಣ, ಕೊನೆಗೆ ಕೂದಲು, ಕಣ್ಣಿನ ಹೊಳಪಿಗೆ ಬಣ್ಣದ ಪೆನ್ಸಿಲ್. ಹತ್ತು ಮುಖ ಇದ್ದರೂ ಬೆಳಕು ಎಲ್ಲಿಂದ ಬರಬೇಕು ಅಂತ ತೀರ್ಮಾನಿಸೋದು ಒಂದೇ ಕೈ. ಅದಕ್ಕೇ ಅವರೆಲ್ಲ ಒಂದೇ ಲೋಕದವರ ಹಾಗೆ ಕಾಣುತ್ತಾರೆ.

ಈಗಿನ ಎಷ್ಟೋ ಪೋಸ್ಟರ್‌ಗಳಲ್ಲಿ ಬೇರೆ ಬೇರೆ ದಿನ ತೆಗೆದ ಫೋಟೋಗಳನ್ನು ಜೋಡಿಸಿರುತ್ತಾರೆ. ಮೂಗಿನ ಕೆಳಗಿನ ನೆರಳು ಗಮನಿಸಿ, ಒಬ್ಬರದು ಎಡಕ್ಕೆ, ಇನ್ನೊಬ್ಬರದು ಬಲಕ್ಕೆ. ನನಗಂತೂ ಬೇಜಾರಾಗುತ್ತದೆ.

ಕಲೆ ಪೂರ್ತಿ ಸತ್ತಿಲ್ಲ. ಸಂಗ್ರಾಹಕರಿಗಾಗಿ ಪೋಸ್ಟರ್ ಮಾಡೋ ಅಮೆರಿಕದ ಮೊಂಡೊ ಕಂಪನಿಯಂಥವರು ಕಲಾವಿದರಿಂದ ಚಿತ್ರ ಬರೆಸಿ, ಸ್ಕ್ರೀನ್ ಪ್ರಿಂಟ್ (ಜಾಲರಿ ಮೂಲಕ ಒಂದೊಂದೇ ಬಣ್ಣ ಒತ್ತೋ ಮುದ್ರಣ) ಮಾಡಿ, ಕಡಿಮೆ ಪ್ರತಿಗಳಲ್ಲಿ ಸಂಗ್ರಾಹಕರಿಗೆ ಮಾರಿದ್ದಾರೆ. ಆದರೆ ಅವು ಮನೆ ಗೋಡೆಗೆ ಹೋಗುತ್ತವೆ. ಥಿಯೇಟರ್ ಮುಂದೆ ನಿಂತವರಿಗೆ ಸಿಗೋದು ಫೋಟೋನೇ.