ಗಾಯ ಮಾಯ್ದ ಮೇಲೆ ಚರ್ಮಕ್ಕೆ ‘ಸಾಕು’ ಅಂತ ಹೇಳುವವರು ಯಾರು?

ಪ್ರಶ್ನೆ: ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡೆ. ಹತ್ತು ದಿನದಲ್ಲಿ ಚರ್ಮ ಕೂಡಿಕೊಂಡಿತು, ಅಲ್ಲಿಗೇ ನಿಂತೂಬಿಟ್ಟಿತು. ಬೆಳೆಯಲು ಹೊರಟ ಚರ್ಮಕ್ಕೆ ಎಲ್ಲಿ ನಿಲ್ಲಬೇಕು ಅಂತ ಹೇಗೆ ಗೊತ್ತಾಗುತ್ತದೆ? ನಮ್ಮ ಅತ್ತೆಗೆ ಸ್ತನ ಕ್ಯಾನ್ಸರ್ ಇದೆ. ಹಾಗಾಗಿ ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ.
— ಓದುಗರೊಬ್ಬರು, ಸಾಗರ

ಉತ್ತರ: ಒಂದು ಕೋಶ ಎರಡಾಗುವುದು ಹೇಗೆ ಅಂತ ಎಲ್ಲರೂ ಶಾಲೆಯಲ್ಲಿ ಚಿತ್ರ ಬರೆದು ಕಲಿತಿರುತ್ತೇವೆ. ನೀವು ಅದು ನಿಲ್ಲುವುದು ಹೇಗೆ ಅಂತ ಕೇಳಿದ್ದೀರಿ. ಕ್ಯಾನ್ಸರ್ ಅರ್ಥವಾಗಬೇಕಾದರೆ ಕೇಳಬೇಕಾದ ಪ್ರಶ್ನೆ ಅದೇ.

ಬೆರಳು ಕೊಯ್ದಾಗ ರಕ್ತ ಹೆಪ್ಪುಗಟ್ಟುತ್ತದಲ್ವಾ, ಆಗ ಪ್ಲೇಟ್‌ಲೆಟ್‌ಗಳು ಬೆಳವಣಿಗೆಗೆ ಕರೆ ಕೊಡುವ ಪ್ರೋಟೀನುಗಳನ್ನು ಬಿಡುತ್ತವೆ. ಸುತ್ತ ಸುಮ್ಮನೆ ಕೂತಿದ್ದ ಕೋಶಗಳು ಆ ಕರೆಗೆ ಎದ್ದೇಳುತ್ತವೆ. ಎದ್ದ ಕೋಶ ಮೊದಲು ದೊಡ್ಡದಾಗುತ್ತದೆ, ಆಮೇಲೆ ತನ್ನ ಡಿಎನ್‌ಎ ಪೂರ್ತಿ ನಕಲು ಮಾಡುತ್ತದೆ, ತಪ್ಪಾಗಿದೆಯಾ ಅಂತ ನೋಡಿಕೊಳ್ಳುತ್ತದೆ, ಕೊನೆಗೆ ಎರಡಾಗುತ್ತದೆ. ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯರ ಕೋಶಕ್ಕೆ ಈ ಒಂದು ಸುತ್ತಿಗೆ ಸುಮಾರು 24 ಗಂಟೆ ಬೇಕು. ಎರಡಾಗುವ ಕೆಲಸ ಮಾತ್ರ ಒಂದು ಗಂಟೆಯಷ್ಟೇ.

ನಕಲು ಶುರುವಾಗುವ ಮುಂಚೆ ಒಂದು ಬಾಗಿಲಿದೆ. ಅದನ್ನು ಕಾಯುವ ಪ್ರೋಟೀನಿನ ಹೆಸರು ಆರ್‌ಬಿ. ರೆಟಿನೋಬ್ಲಾಸ್ಟೋಮಾ ಅನ್ನುವ ಮಕ್ಕಳ ಕಣ್ಣಿನ ಕ್ಯಾನ್ಸರಿನಲ್ಲಿ ಅದು ಕೆಟ್ಟಿರುವುದು ಕಂಡಿದ್ದರಿಂದ ಆ ರೋಗದ ಹೆಸರೇ ಅದಕ್ಕೆ ಬಂತು. ನಕಲಿಗೆ ಬೇಕಾದ ಜೀನುಗಳನ್ನು ಚಾಲೂ ಮಾಡುವ ಪ್ರೋಟೀನುಗಳನ್ನು ಆರ್‌ಬಿ ಹಿಡಿದು ಕೂರಿಸಿರುತ್ತದೆ. ಹೊರಗಿನ ಕರೆ ಬರುತ್ತಲೇ ಇದ್ದರೆ ಕೋಶದೊಳಗೆ ಸೈಕ್ಲಿನ್ ಡಿ ಅನ್ನುವ ಪ್ರೋಟೀನ್ ಜಾಸ್ತಿಯಾಗುತ್ತದೆ, ಅದು ಸಿಡಿಕೆ4 ಮತ್ತು ಸಿಡಿಕೆ6 ಅನ್ನುವ ಕಿಣ್ವಗಳ ಜೊತೆ ಸೇರಿ ಆರ್‌ಬಿಗೆ ಫಾಸ್ಫೇಟ್ ಅಂಟಿಸುತ್ತಾ ಹೋಗುತ್ತದೆ, ಆಗ ಆರ್‌ಬಿಯ ಹಿಡಿತ ಸಡಿಲವಾಗುತ್ತದೆ. ಬಾಗಿಲು ದಾಟುವ ಮುಂಚೆ ಕರೆ ನಿಂತರೆ ಕೋಶ ವಾಪಸ್ ಹೋಗಿ ಕೂರುತ್ತದೆ. ದಾಟಿದ ಮೇಲೆ ಕರೆ ನಿಂತರೂ ಸುತ್ತು ಮುಗಿಸಿಯೇ ನಿಲ್ಲುತ್ತದೆ.

ಗಾಯ ಕೂಡುತ್ತಾ ಬಂದ ಹಾಗೆ ಹೆಪ್ಪು ಕರಗುತ್ತದೆ, ಕರೆ ಕಡಿಮೆಯಾಗುತ್ತದೆ. ಕೋಶಗಳು ಎಲ್ಲ ಕಡೆಯಿಂದ ಒಂದಕ್ಕೊಂದು ತಾಗುತ್ತವೆ. ಆ ತಾಗುವಿಕೆಯೇ ಒಳಗಿನ ಬ್ರೇಕುಗಳನ್ನು ಬಿಗಿಮಾಡುತ್ತದೆ. ಸಾಕು ಅಂತ ಹೇಳುವ ಯಜಮಾನ ಯಾರೂ ಇಲ್ಲ, ಅಕ್ಕಪಕ್ಕದವರು ತಾಗಿದ್ದೇ ಸಾಕಾಗುತ್ತದೆ. ಕ್ಯಾನ್ಸರ್ ಕೋಶಕ್ಕೆ ಈ ತಾಗುವಿಕೆ ನಾಟುವುದಿಲ್ಲ.

ಕೋಶಕ್ಕೆ ನಕಲು ಮಾಡು ಅನ್ನುವ ಆಜ್ಞೆ ಎಲ್ಲಿಂದ ಬರುತ್ತದೆ ಅಂತ ಕಂಡುಹಿಡಿದ ಕತೆಯಲ್ಲಿ ನನಗೆ ತುಂಬ ಇಷ್ಟವಾದದ್ದು 1970ರ ಒಂದು ಪ್ರಯೋಗ. ಭಾರತದಿಂದ ಅಮೆರಿಕಕ್ಕೆ ಹೋಗಿದ್ದ ಪೋಟು ನರಸಿಂಹ ರಾವ್, ರಾಬರ್ಟ್ ಜಾನ್ಸನ್ ಜೊತೆ ಸೇರಿ ಬೇರೆ ಬೇರೆ ಹಂತದಲ್ಲಿದ್ದ ಎರಡೆರಡು ಕೋಶಗಳನ್ನು ಬೆಸೆದು ಒಂದೇ ಮಾಡಿದರು. ನಕಲು ಮಾಡುತ್ತಿದ್ದ ಕೋಶಕ್ಕೆ ಇನ್ನೂ ಶುರು ಮಾಡದ ಕೋಶ ಸೇರಿದರೆ, ಅದೂ ಬೇಗನೆ ನಕಲಿಗೆ ಇಳಿಯಿತು. ಆದರೆ ಆಗಲೇ ನಕಲು ಮುಗಿಸಿದ ಕೋಶ ಸೇರಿದರೆ ಅದು ಮತ್ತೊಮ್ಮೆ ನಕಲು ಮಾಡಲಿಲ್ಲ, ಜೊತೆಯದು ಮುಗಿಸುವ ತನಕ ಕಾದಿತು! ಅಂದರೆ ಆಜ್ಞೆ ಕೋಶದೊಳಗಿನ ರಸದಲ್ಲೇ ಓಡಾಡುತ್ತಿದೆ, ಜೊತೆಗೆ ಒಂದು ಸುತ್ತಿಗೆ ಒಂದೇ ನಕಲು ಅನ್ನುವ ನಿಯಮವೂ ಇದೆ. ಇಷ್ಟೊಂದು ಸರಳ, ಇಷ್ಟೊಂದು ಚೆಂದದ ಪ್ರಯೋಗ ನಮ್ಮ ಕಾಲೇಜುಗಳಲ್ಲಿ ಯಾಕೆ ಹೇಳಿಕೊಡುವುದಿಲ್ಲವೋ ಅಂತ ನನಗೆ ನಿಜವಾಗಿ ಬೇಸರವಿದೆ.

ಆ ಆಜ್ಞೆ ಕೊಡುವ ಪ್ರೋಟೀನುಗಳನ್ನು ಹುಡುಕಿದ್ದಕ್ಕೆ 2001ರಲ್ಲಿ ಲೀಲ್ಯಾಂಡ್ ಹಾರ್ಟ್‌ವೆಲ್, ಟಿಮ್ ಹಂಟ್, ಪಾಲ್ ನರ್ಸ್ ಅನ್ನುವ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂತು. ಪಾಲ್ ನರ್ಸ್ ಅವರ ಲ್ಯಾಬಿನಲ್ಲಿ 1987ರಲ್ಲಿ, ಒಂದು ಜೀನ್ ಕೆಟ್ಟು ಎರಡಾಗಲಾರದೆ ನಿಂತಿದ್ದ ಯೀಸ್ಟಿಗೆ ಅದೇ ಕೆಲಸದ ಮನುಷ್ಯರ ಜೀನ್ ಕೊಟ್ಟರು. ಯೀಸ್ಟ್ ಮತ್ತೆ ಎರಡಾಗತೊಡಗಿತು.

ನಿಮ್ಮ ಅತ್ತೆಯ ವಿಷಯ. ಪಾಲ್ಬೋಸಿಕ್ಲಿಬ್ ಥರದ ಮಾತ್ರೆಗಳು ಆ ಸಿಡಿಕೆ4, ಸಿಡಿಕೆ6 ಕಿಣ್ವಗಳನ್ನೇ ತಡೆಯುತ್ತವೆ. ಅಮೆರಿಕದಲ್ಲಿ ಇದಕ್ಕೆ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಎಲ್ಲ ಸ್ತನ ಕ್ಯಾನ್ಸರಿಗೂ ಇದು ಆಗುವುದಿಲ್ಲ. ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್, ಹರ್2 ನೆಗೆಟಿವ್ ಅಂತ ರಿಪೋರ್ಟಿನಲ್ಲಿ ಇದೆಯಾ ಅಂತ ನೋಡಿ, ಅವರ ಡಾಕ್ಟರನ್ನು ಕೇಳಿ.

ಪ್ರಶ್ನೆ: ಅಂಗಳದ ಕಾಶಿ ಕಣಗಿಲೆ ಗಿಡದಿಂದ ಕ್ಯಾನ್ಸರ್ ಔಷಧ ಮಾಡುತ್ತಾರಂತೆ, ಹೌದಾ? ಕೀಮೋದಲ್ಲಿ ಕೂದಲು ಯಾಕೆ ಉದುರುತ್ತದೆ?
— ಓದುಗರು, ಹಾವೇರಿ

ಉತ್ತರ: ಹೌದು. ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎರಡೂ ಆ ಗಿಡದಿಂದಲೇ ಬಂದವು. ಕೋಶ ಎರಡಾಗುವಾಗ ಸಣ್ಣ ಎಳೆಗಳು ಎರಡೂ ಕಡೆಯಿಂದ ಕ್ರೋಮೊಸೋಮುಗಳನ್ನು ಹಿಡಿದುಕೊಳ್ಳಬೇಕು. ನಮ್ಮ 46ರಲ್ಲಿ ಒಂದಕ್ಕೆ ಎಳೆ ಸರಿಯಾಗಿ ಸಿಗದಿದ್ದರೂ ಕೋಶ ಮುಂದೆ ಹೋಗದೆ ಕಾಯುತ್ತದೆ. ಈ ಔಷಧಗಳು ಎಳೆ ಕಟ್ಟಲು ಬಿಡುವುದಿಲ್ಲ. ಕಾದು ಕಾದು ಕೋಶ ಎಷ್ಟೋ ಸಲ ಸತ್ತೇಹೋಗುತ್ತದೆ. ಕೂದಲ ಬುಡದ ಕೋಶಗಳೂ ಬೇಗ ಬೇಗ ಎರಡಾಗುವಂಥವು, ಹಾಗಾಗಿ ಪೆಟ್ಟು ಅವಕ್ಕೂ ಬೀಳುತ್ತದೆ. ಅಲ್ಲೇ ಸುಮ್ಮನೆ ಮಲಗಿರುವ ಮೂಲಕೋಶಗಳು ಉಳಿದುಕೊಳ್ಳುವುದರಿಂದ ಸಾಮಾನ್ಯವಾಗಿ ಕೂದಲು ಮತ್ತೆ ಬರುತ್ತದೆ.

ಆದರೆ ದಯವಿಟ್ಟು ಎಲೆ ಅರೆದು ಕುಡಿಯಬೇಡಿ. ವಿನ್‌ಕ್ರಿಸ್ಟಿನನ್ನು ಆಸ್ಪತ್ರೆಯಲ್ಲಿ ಒಂದು ಸಲಕ್ಕೆ ಒಂದೆರಡು ಮಿಲಿಗ್ರಾಂ ಅಷ್ಟೇ ಕೊಡುತ್ತಾರೆ, ಅದೂ ನೇರ ರಕ್ತನಾಳಕ್ಕೆ. ಎಲೆಯಲ್ಲಿ ಅದು ಬಲು ಕಡಿಮೆ, ಬೇರೆ ವಿಷಗಳು ಜಾಸ್ತಿ. ಈಗಾಗಲೇ ಯಾರಾದರೂ ಕುಡಿಯುತ್ತಿದ್ದರೆ ನಿಲ್ಲಿಸಿ, ಕೀಮೋ ಕೊಡುವ ಡಾಕ್ಟರಿಗೆ ಮುಚ್ಚಿಡದೆ ತಿಳಿಸಿ.