ಆಫೀಸ್ ಮೇಲ್‌ನಲ್ಲಿ ‘ಪ್ಲೀಸ್ ರಿವರ್ಟ್’ ಅಂತ ಬರೆಯೋದು ತಪ್ಪಾ?

ಈ ಪ್ರಶ್ನೆ ನೋಡಿ ನನ್ನ ಹಳೇ ಕೆಲಸ ನೆನಪಾಯ್ತು. ತುಮಕೂರಿನ ವಸಂತನರಸಾಪುರದಲ್ಲಿ ಒಂದು ಸಣ್ಣ ಮೆಷಿನ್ ಶಾಪ್, ಗಿರಾಕಿಗಳ ಮೇಲ್‌ಗೆ ಉತ್ತರ ಬರೆಯೋದು ನನ್ನ ಕೆಲಸ. ಕನ್ನಡ ಮೀಡಿಯಂನವನು ನಾನು. ಆಫೀಸ್ ಇಂಗ್ಲಿಷನ್ನು ಸೀನಿಯರ್‌ಗಳ ಮೇಲ್ ನೋಡಿಯೇ ಕಲಿತೆ. ಉತ್ತರ ಕೊಡ್ತೀವಿ ಅನ್ನೋಕೆ ಅವರು ‘ವಿ ವಿಲ್ ರಿವರ್ಟ್’ ಅಂದರೆ ನಾನೂ ಅದೇ.

ಇಂಗ್ಲೆಂಡಿನ ಗಿರಾಕಿಯೊಬ್ಬರು ಬುಷ್‌ನ, ಅಂದರೆ ಶಾಫ್ಟ್ ಅನ್ನೋ ದಂಡ ಒಳಗೆ ಕೂರೋ ಕೊಳವೆಯಂಥ ಭಾಗದ, ಡ್ರಾಯಿಂಗ್ ಬದಲಿಸಿ ಕಳಿಸಿದರು. ಒಳಗಿನ ತೂತು 12 ಮಿ.ಮೀ. ಇದ್ದದ್ದು 12.5 ಆಗಿತ್ತು. ನಾನು ‘ವಿ ವಿಲ್ ರಿವರ್ಟ್ ದ ಚೇಂಜಸ್ ಬೈ ಮಂಡೇ’ ಅಂತ ಬರೆದೆ. ಬದಲಾವಣೆ ಬಗ್ಗೆ ಸೋಮವಾರ ತಿಳಿಸ್ತೀವಿ ಅನ್ನೋದು ನನ್ನ ಅರ್ಥ. ಬದಲಾವಣೆ ಬಿಟ್ಟು ಹಳೇ ಅಳತೆಗೇ ವಾಪಸ್ ಹೋಗ್ತೀವಿ ಅಂತ ಅವರು ಓದಿಕೊಂಡರು. ಸೋಮವಾರ ನಮ್ಮ ಓನರ್ ಹೊಸ ಅಳತೆಗೆ ಒಪ್ಪಿದರು, ನಾನು ಮತ್ತೆ ಮೇಲ್ ಹಾಕದೆ ನೇರ ಮೆಷಿನ್‌ಗೆ ಕೊಟ್ಟುಬಿಟ್ಟೆ. ಅಲ್ಲಿ ಅವರು ಹಳೇ ಶಾಫ್ಟನ್ನೇ ಉಳಿಸಿಕೊಂಡಿದ್ದರು. 600 ಪೀಸ್ ಹೋಯ್ತು, ಅಷ್ಟೂ ಲೂಸ್, ಅಷ್ಟೂ ರಿಜೆಕ್ಟ್.

ಆ ವಾಕ್ಯವನ್ನು ಎಷ್ಟು ಸಲ ಓದಿದೆನೋ. ‘ರಿವರ್ಟ್ ಆನ್ ದ ಚೇಂಜಸ್’ ಅಂತ ಒಂದು ‘ಆನ್’ ಇದ್ದಿದ್ದರೂ ಅವರಿಗೆ ವಿಚಿತ್ರ ಅನ್ನಿಸಿ, ಏನಿದು ಅಂತ ಕೇಳಿರೋರು. ನಾನು ‘ಚೇಂಜಸ್’ ಪದವನ್ನು ಕ್ರಿಯಾಪದಕ್ಕೇ ಅಂಟಿಸಿದೆ. ಅದು ಅವರ ಪಾಲಿಗೆ ಸರಿಯಾದ ಇಂಗ್ಲಿಷ್ ವಾಕ್ಯ, ಅರ್ಥ ಮಾತ್ರ ಪೂರ್ತಿ ಉಲ್ಟಾ. ಕೇಳೋಕೆ ಕಾರಣವೇ ಇರಲಿಲ್ಲ, ಅಲ್ವಾ?

ಲ್ಯಾಟಿನ್ ಮೂಲದಲ್ಲಿ ‘ರಿವರ್ಟ್’ ಪದಕ್ಕೆ ‘ಹಿಂದಕ್ಕೆ ತಿರುಗು’ ಅಂತ ಅರ್ಥ. ಲೀಸ್ ಮುಗಿದ ಜಮೀನು ಮಾಲೀಕನಿಗೆ ರಿವರ್ಟ್ ಆಗುತ್ತೆ. ಸಾಫ್ಟ್‌ವೇರ್‌ನವರು ಕೋಡ್‌ನ ಬದಲಾವಣೆಗಳ ಲೆಕ್ಕ ಇಡೋ ಗಿಟ್ ಅನ್ನೋ ಟೂಲ್‌ನಲ್ಲಿ ರಿವರ್ಟ್ ಕೊಟ್ಟರೆ ಮಾಡಿದ ಬದಲಾವಣೆ ರದ್ದಾಗುತ್ತೆ. ‘ರಿವರ್ಟ್ ಬ್ಯಾಕ್’ ಅಂತೂ ಬೇಡವೇ ಬೇಡ, ‘ಹಿಂದಕ್ಕೆ’ ಅನ್ನೋದು ಪದದೊಳಗೇ ಇದೆ.

ತಪ್ಪಾ ಸರಿಯಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಆ ಪ್ರಶ್ನೆಯೇ ಸರಿ ಇಲ್ಲ. ‘ಉತ್ತರ ಕೊಡು’ ಅನ್ನೋ ಅರ್ಥ ನಮ್ಮ ದೇಶದ ಇಂಗ್ಲಿಷ್‌ನಲ್ಲಿ ನಿಜಕ್ಕೂ ಇದೆ, ಬೆಂಗಳೂರಿನವರಿಗೋ ಕೋಲಾರದವರಿಗೋ ಬರೆದರೆ ಯಾರೂ ತಪ್ಪು ತಿಳಿಯಲ್ಲ. ಯಾರು ಓದ್ತಾರೆ ಅನ್ನೋದನ್ನು ಕೇಳಿಕೊಳ್ಳಿ. ಹೊರದೇಶಕ್ಕೆ ಹೋಗೋ ಮೇಲ್ ಆದರೆ ಸುಮ್ನೆ ‘ರಿಪ್ಲೈ’ ಅಂತ ಬರೆಯಿರಿ. ನಿಮ್ಮ ಮ್ಯಾನೇಜರ್ ಅದು ಫಾರ್ಮಲ್ ಅಲ್ಲ ಅಂದರೂ ಬದಲಿಸಬೇಡಿ. ಅಳತೆ, ರೇಟು, ತಾರೀಕು ಇರೋ ಮೇಲ್‌ನಲ್ಲಂತೂ ‘ರಿವರ್ಟ್’ ಖಂಡಿತ ಬೇಡ.